ನಡುವೆ ಇಳಿಯುವ ಊರು

ಅತ್ತೆ ಆ ಮಾತು ಹೇಳಿದ್ದು ಬೆಳಗಿನ ಗಡಿಬಿಡಿಯಲ್ಲಿ. ಗಂಡ ಬಸ್ಸಿನ ಡ್ಯೂಟಿಗೆ ಹೊರಟು ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಿದ್ದ. ದೊಡ್ಡ ಮಗಳು ಮಂಚದ ಕೆಳಗೆ ತಲೆ ತೂರಿಸಿ ಇನ್ನೊಂದು ಸಾಕ್ಸ್ ಹುಡುಕುತ್ತಿದ್ದಳು. ಸೊಸೆ ಮೂರು ವರ್ಷದ ಕಿರಿಯ ಮಗು ಗುಬ್ಬಿಯನ್ನು ತೊಡೆಯ ಮೇಲೆ ಅದುಮಿ ಕೂರಿಸಿಕೊಂಡು ಬಾಯಿಗೆ ಮೊಟ್ಟೆ ತುರುಕುತ್ತಿದ್ದಳು. ಅತ್ತೆ ಒಲೆಯ ಪಕ್ಕದಲ್ಲಿ ನಿಂತು ಎಲ್ಲರ ಡಬ್ಬಿಗೂ ಊಟ ತುಂಬುತ್ತಾ, ತಿರುಗಿಯೂ ನೋಡದೆ ಹೇಳಿದರು.

“ಅಕ್ಕ ಬಿದ್ದು ಸೊಂಟ ಮುರ್ಕೊಂಡಿದ್ದಾಳೆ. ಅವಳ ಕೆಳಗಿನ ಮನೆ ನರ್ಸ್ ಫೋನ್ ಮಾಡಿದ್ಲು. ನಾನು ಹೋಗ್ಬೇಕು.”

“ಎಲ್ಲಿಗೆ?” ಎಂದ ಗಂಡ.

“ಇನ್ನೆಲ್ಲಿಗೆ? ಅವಳಿರೋ ಊರಿಗೆ.”

ಗಂಡನ ಕೈ ಕೊನೆಯ ಗುಂಡಿಯ ಮೇಲೆಯೇ ನಿಂತಿತು. ಆ ದೊಡ್ಡಮ್ಮ ಇದ್ದದ್ದು ಸಮುದ್ರದ ಆಚೆ. ಮದುವೆಯಾದ ಹೊಸದರಲ್ಲಿ ತಮ್ಮ ಗಂಡನ ಹಿಂದೆ ಹೋದವರು ಅಲ್ಲಿಯೇ ಬೇರು ಬಿಟ್ಟಿದ್ದರು. ಮಕ್ಕಳಿರಲಿಲ್ಲ. ಆತ ತೀರಿಕೊಂಡ ಮೇಲೂ ಬಟ್ಟೆ ರಿಪೇರಿಯ ಸಣ್ಣ ಅಂಗಡಿ ನಡೆಸಿಕೊಂಡು ಒಬ್ಬರೇ ಇದ್ದರು. ಅಕ್ಕತಂಗಿಯರು ಮುಖ ನೋಡಿ ಎಷ್ಟೋ ವರ್ಷಗಳಾಗಿದ್ದವು. ಭಾನುವಾರದ ಫೋನು ಮಾತ್ರ ತಪ್ಪುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅತ್ತೆ ಬಾಲ್ಕನಿಯ ಬಾಗಿಲು ಎಳೆದುಕೊಂಡು, ಮನೆಯವರು ಯಾರೂ ಕೇಳಿರದಂಥ ಒಂದು ನಗು ನಗುತ್ತಿದ್ದರು.

“ಅಮ್ಮಾ, ಅದೇನು ಪಕ್ಕದ ಬೀದಿನಾ?”

“ದೂರ ಅಂತ ನಂಗೂ ಗೊತ್ತು. ಅದಕ್ಕೇ ವಿಮಾನ ಅನ್ನೋದು ಇರೋದು.”

ದೊಡ್ಡ ಮಗಳು ಸಾಕ್ಸ್ ಬಿಟ್ಟು ಫೋನ್ ಹಿಡಿದು ಬಂದಳು. ಹದಿನಾಲ್ಕರ ಹುಡುಗಿ. ಯಾವ ಮಾತಿಗೂ ಒಂದು ಎದುರುಮಾತು ಸಿದ್ಧವಿಟ್ಟುಕೊಂಡೇ ಇರುತ್ತಿದ್ದುದರಿಂದ ಮನೆಯಲ್ಲಿ ಅವಳನ್ನು ಲಾಯರ್ ಎಂದೇ ಕರೆಯುತ್ತಿದ್ದರು.

“ನೇರ ಗೆರೆ ಎಳೆದ್ರೆ ಏಳು ಸಾವಿರ ಕಿಲೋಮೀಟರ್. ನೇರ ವಿಮಾನ ಇದ್ದಿದ್ರೆ ಒಂಬತ್ತು ಗಂಟೆ. ಆದ್ರೆ ಇಲ್ಲ. ಮಧ್ಯೆ ಒಂದು ಊರಲ್ಲಿ ಇಳಿದು, ಕಾದು, ಇನ್ನೊಂದು ಹತ್ಬೇಕು. ಎಲ್ಲಾ ಸೇರಿ ಹದಿನೈದು ಗಂಟೆ. ಅಪ್ಪನ ಬಸ್ಸಲ್ಲಾದ್ರೆ...”

“ನಿಮ್ಮಪ್ಪನ ಬಸ್ಸಲ್ಲಾದ್ರೆ ಸಮುದ್ರದ ದಂಡೇಲಿ ಕೊನೇ ಸ್ಟಾಪು,” ಎಂದರು ಅತ್ತೆ. “ಡಬ್ಬಿ ತಗೊಂಡು ನಡಿ.”

ಗಂಡನಿಗೆ ನಗು ಬರಲಿಲ್ಲ. ಹದಿನೈದು ಗಂಟೆ ಒಂದೇ ಕಡೆ ಕೂತರೆ ಕಾಲು ಬಾತುಕೊಳ್ಳುತ್ತದೆ, ಕೂತು ದುಡಿಯುವವನು ತಾನು, ತನಗೆ ಗೊತ್ತು ಎಂದ. ರಕ್ತದೊತ್ತಡ ಎಂದ. ಭಾಷೆ ಬಾರದ ಊರಲ್ಲಿ ವಿಮಾನ ಬದಲಿಸುವುದು ಹೇಗೆ ಎಂದ. ಅತ್ತೆ ಎಲ್ಲಕ್ಕೂ ಹೂಂಗುಟ್ಟಿ ಪಾತ್ರೆ ಉಜ್ಜುತ್ತಿದ್ದರು.

ಸೊಸೆಯ ಲೆಕ್ಕವೇ ಬೇರೆ ಇತ್ತು. ಅವಳು ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿಯವರು ಪೇಟೆಯ ಇನ್ನೊಂದು ತುದಿಯಲ್ಲಿ ಹೊಸ ಶಾಖೆ ತೆರೆಯುವವರಿದ್ದರು. ಅದರ ಉಸ್ತುವಾರಿ ನಿನಗೇ ಎಂದು ಮಾಲೀಕರು ಬಾಯಿಬಿಟ್ಟು ಹೇಳಿದ್ದರು. ಗಂಡನದು ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು. ಗುಬ್ಬಿಯನ್ನು ಎಬ್ಬಿಸಿ, ತಿನ್ನಿಸಿ, ಮಲಗಿಸಿ, ಸಂಜೆಯವರೆಗೆ ಹಿಡಿದಿಡುತ್ತಿದ್ದವರು ಅತ್ತೆ. ಅವರು ಹೋಗುತ್ತೇನೆಂದ ಕ್ಷಣದಲ್ಲಿ ಸೊಸೆಯ ಕಣ್ಣ ಮುಂದೆ ಬಂದದ್ದು ಮುರಿದ ಸೊಂಟವಲ್ಲ, ಬೆಳಿಗ್ಗೆ ಏಳಕ್ಕೆ ಅಳುತ್ತಾ ಬಾಗಿಲಲ್ಲಿ ನಿಂತ ಗುಬ್ಬಿ. ಅದಕ್ಕೆ ನಾಚಿಕೆಯೂ ಆಯಿತು. ಆದರೆ ಹೊತ್ತಾಗಿತ್ತು, ಚೀಲ ಹೆಗಲಿಗೇರಿಸಿ ಓಡಿದಳು.

ಆಮೇಲಿನ ದಿನಗಳಲ್ಲಿ ಅತ್ತೆ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಪಾಸ್‌ಪೋರ್ಟಿಗೆಂದು ಕಚೇರಿಗೆ ಅಲೆದರು, ವೀಸಾಕ್ಕೆಂದು ಮತ್ತೆ ಅಲೆದರು. ಮನೆಯಲ್ಲಿದ್ದಾಗ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುವುದು, ಚೀಲ ತುಂಬಿ ಮತ್ತೆ ಖಾಲಿ ಮಾಡುವುದು. ಗುಬ್ಬಿ ಚೀಲದೊಳಗೆ ಕೂತು “ನಾನೂ ಬತ್ತೀನಿ” ಎನ್ನುತ್ತಿತ್ತು. ಊಟಕ್ಕೆ ಕೂತರೆ ಅದೇ ಮಾತು.

“ಅಲ್ಲಿ ದೊಡ್ಡಮ್ಮನ್ನ ಆಸ್ಪತ್ರೆಯವರು ನೋಡ್ಕೊಳ್ತಾರಮ್ಮ. ನೀನು ಹೋಗಿ ಮಾಡೋದೇನು?” ಎನ್ನುತ್ತಿದ್ದ ಗಂಡ.

“ಪಕ್ಕದಲ್ಲಿ ಕೂತ್ಕೋತೀನಿ.”

“ಅಷ್ಟಕ್ಕೆ ಅಷ್ಟು ದೂರನಾ?”

“ನೀನು ಹುಟ್ಟಿದಾಗ ಅವಳು ಬಂದು ಕೂತಿದ್ಲು. ಆಗ ಹಡಗಲ್ಲಿ ಬಂದಿದ್ಲು. ಎಷ್ಟು ದೂರ ಅಂತ ಯಾರೂ ಕೇಳ್ಲಿಲ್ಲ.”

ಗಂಡ ತಟ್ಟೆಯಲ್ಲಿ ಬೆರಳಾಡಿಸಿದ. ಲಾಯರ್ ಅಜ್ಜಿಯ ಪರವಾಗಿಯೇ ವಾದಿಸಿದಳು. “ಅಪ್ಪಾ, ನಿಂಗೆ ಅಜ್ಜಿಯ ಕಾಲಿನ ಚಿಂತೆನೋ, ನಿನ್ನ ಊಟದ ಚಿಂತೆನೋ?”

“ಮುಚ್ಚೇ ಬಾಯಿ,” ಎಂದ ಗಂಡ. ಸೊಸೆಯೂ ಎದ್ದು ನೀರು ತರಲು ಹೋದಳು. ಆ ಪ್ರಶ್ನೆ ತನ್ನನ್ನೂ ಸವರಿಕೊಂಡು ಹೋಗಿತ್ತು.

ಕಾಗದಗಳೆಲ್ಲ ಸಿದ್ಧವಾದ ದಿನ ಗಂಡನೂ ಸೋತು ಒಪ್ಪಿದ. ಟಿಕೆಟ್ ಯಾವತ್ತಿಗೆ ಎಂಬುದಷ್ಟೇ ಉಳಿದಿತ್ತು. ಅತ್ತೆ ಬರುವ ಸೋಮವಾರಕ್ಕೆ ಎಂದರು. ಅದೇ ಸೋಮವಾರ ಹೊಸ ಶಾಖೆ ತೆರೆಯುವುದಿತ್ತು.

ಸಂಜೆ ಅತ್ತೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ಸೊಸೆ ಪಕ್ಕದಲ್ಲಿ ಹೋಗಿ ನಿಂತಳು. ಕ್ಲಿಪ್ಪುಗಳನ್ನು ಒಂದೊಂದಾಗಿ ಕೀಳುತ್ತಾ ಕೇಳಿದಳು.

“ಅತ್ತೆ, ಒಂದು ಹತ್ತು ದಿನ ಮುಂದಕ್ಕೆ ಹಾಕೋಕಾಗುತ್ತಾ? ಅಂಗಡಿ ಒಂದು ಹದಕ್ಕೆ ಬರೋವರೆಗೆ. ಗುಬ್ಬಿಗೂ ಶಿಶುವಿಹಾರ ರೂಢಿಯಾಗುತ್ತೆ.”

ಅತ್ತೆ ದಿಂಬಿನ ಚೀಲ ಮಡಚಿದರು. ಮತ್ತೆ ಬಿಚ್ಚಿ ಮಡಚಿದರು.

“ನರ್ಸ್ ಏನಂದ್ಲು ನಿನ್ನೆ?” ಎಂದು ತಮ್ಮಷ್ಟಕ್ಕೆ ಕೇಳಿಕೊಂಡವರಂತೆ ಕೇಳಿದರು.

“ಆಪರೇಷನ್ ಚೆನ್ನಾಗಾಗಿದೆ, ಅವಸರ ಏನಿಲ್ಲ ಅಂದ್ರು.”

“ಹಂಗಾದ್ರೆ ಆಗ್ಲಿ ಬಿಡು.”

ಅಷ್ಟೇ. ಸಿಡುಕಲಿಲ್ಲ, ಮುಖ ಗಂಟು ಹಾಕಲಿಲ್ಲ. ಆದರೆ ಆ ಹತ್ತು ದಿನ ಅತ್ತೆಯ ಚಪ್ಪಲಿಯ ಸದ್ದು ಮನೆಯೊಳಗೆ ನಿಲ್ಲಲಿಲ್ಲ. ಅಡುಗೆಮನೆಯಿಂದ ಬಾಲ್ಕನಿ, ಬಾಲ್ಕನಿಯಿಂದ ಬಾಗಿಲು. ಅಕ್ಕನಿಗೆ ಫೋನ್ ಮಾಡಿದಾಗಲೆಲ್ಲ “ಬಂದೆ, ಬಂದೆ, ಇನ್ನೇನು ಬಂದೇಬಿಟ್ಟೆ” ಎನ್ನುತ್ತಿದ್ದರು, ಬಸ್‌ಸ್ಟಾಪಿನಲ್ಲಿ ನಿಂತು ಹೇಳುವವರ ಹಾಗೆ.

ಹೊರಡುವ ಬೆಳಿಗ್ಗೆ ಗಂಡ ರಜ ಹಾಕದೆ ಪಾಳಿ ಬದಲಿಸಿಕೊಂಡು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದ. ಲಾಯರ್ ಅಜ್ಜಿಯ ಫೋನಿನಲ್ಲಿ ಏನೇನೋ ಒತ್ತಿ ಕಲಿಸಿ, ನಡುವಿನ ಊರಲ್ಲಿ ಇಳಿದ ಕೂಡಲೇ ಹೇಗೆ ಕರೆ ಮಾಡಬೇಕೆಂದು ಬಾಯಿಪಾಠ ಮಾಡಿಸಿದ್ದಳು. ಹತ್ತು ಗಂಟೆಗೆ ವಿಮಾನ ಏರಿತು. ಸೊಸೆ ಹೊಸ ಶಾಖೆಯ ಗಾಜಿನ ಬಾಗಿಲು ತೆರೆದು, ಕನ್ನಡಿಗಳನ್ನು ಒರೆಸಿ, ಸದ್ಯ ಎಲ್ಲ ಸುಸೂತ್ರವಾಯಿತಲ್ಲ ಎಂದುಕೊಂಡಳು.

ಊಟದ ಹೊತ್ತಿಗೆ ಒಬ್ಬರು ಮುದುಕರ ಮೂಗಿಗೆ ಚೌಕಟ್ಟು ಹೊಂದಿಸುತ್ತಿದ್ದಾಗ ಫೋನ್ ಅದುರಿತು. ಗಂಡ ಬಸ್ಸು ಓಡಿಸುವಾಗ ಫೋನ್ ಮುಟ್ಟುವುದಿಲ್ಲವೆಂದು ನರ್ಸ್‌ಗೆ ಇವಳ ನಂಬರನ್ನೇ ಕೊಟ್ಟಿದ್ದರು.

ನರ್ಸ್ ತಡವರಿಸುತ್ತಾ ಹೇಳಿದಳು. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಯಿತಂತೆ. ಎಲ್ಲ ಒಂದು ಗಳಿಗೆಯಲ್ಲಿ ಮುಗಿಯಿತಂತೆ. ಬೆಳಿಗ್ಗೆ ಎದ್ದು ತಲೆ ಬಾಚಿಸಿಕೊಂಡಿದ್ದರಂತೆ, ತಂಗಿ ಬರುತ್ತಾಳೆ ಎಂದು.

“ಅವರು... ಹೊರಟಾಯ್ತಾ?” ಎಂದು ಕೇಳಿದಳು ನರ್ಸ್.

“ಹೊರಟಾಯ್ತು. ಮೇಲಿದ್ದಾರೆ,” ಎಂದಳು ಸೊಸೆ.

ಮುದುಕರು ಕನ್ನಡಕ ಹಾಕಿಕೊಂಡೇ ಇವಳ ಮುಖ ನೋಡುತ್ತಿದ್ದರು. “ಸ್ವಲ್ಪ ಬಿಗಿ ಆಯ್ತಮ್ಮ,” ಎಂದರು. ಅವಳು ಚೌಕಟ್ಟನ್ನು ತೆಗೆದು, ಬಿಸಿ ಮಾಡಿ, ಕಡ್ಡಿ ಬಗ್ಗಿಸಿ ಮತ್ತೆ ಹಾಕಿ ನೋಡಿದಳು. ಕೈ ತನ್ನ ಕೆಲಸ ತಾನು ಮಾಡುತ್ತಿತ್ತು. ಅವರು ಹೋದ ಮೇಲೆ ಜೊತೆಯ ಹುಡುಗಿಗೆ ಬೀಗದ ಕೈ ಕೊಟ್ಟು ಬಸ್ಸು ಹಿಡಿದಳು.

ಶಿಶುವಿಹಾರದಿಂದ ಗುಬ್ಬಿಯನ್ನು ಕರೆದುಕೊಂಡು ಮನೆಗೆ ಬಂದಾಗ ಲಾಯರ್ ಆಗಲೇ ಶಾಲೆಯಿಂದ ಬಂದು ಫೋನ್ ಹಿಡಿದು ಕೂತಿದ್ದಳು. ಪರದೆಯ ಮೇಲೆ ನೀಲಿಯ ನಡುವೆ ಒಂದು ಪುಟ್ಟ ಹಳದಿ ವಿಮಾನ.

“ಅಮ್ಮಾ, ನೋಡು, ಅಜ್ಜಿ ಸಮುದ್ರದ ಮೇಲಿದ್ದಾಳೆ. ಹತ್ತು ನಿಮಿಷಕ್ಕೊಂದ್ಸಲ ಒಂಚೂರು ಮುಂದೆ ಹೋಗುತ್ತೆ.”

ಸೊಸೆ ಸುದ್ದಿ ಹೇಳಿದಳು. ಇಬ್ಬರೂ ಆ ಹಳದಿ ಚುಕ್ಕೆಯನ್ನು ನೋಡಿದರು. ಅದರೊಳಗೆ ಒಂದು ಕಿಟಕಿಯ ಪಕ್ಕ ಅತ್ತೆ ಕೂತಿದ್ದಾರೆ, ಏನೂ ಗೊತ್ತಿಲ್ಲ. ಅವರ ಅಕ್ಕ ಇನ್ನೂ ಇದ್ದಾರೆ, ಅಲ್ಲಿ, ಆ ವಿಮಾನದೊಳಗೆ ಮಾತ್ರ. ಸೊಸೆಗೆ ಅದು ಇಳಿಯದೆ ಹಾಗೇ ಹಾರುತ್ತಿರಲಿ ಎನ್ನಿಸಿತು.

ಗಂಡ ಪಾಳಿ ಮುಗಿಸಿ ಬಂದ. ಸುದ್ದಿ ಕೇಳಿ ಬಾಗಿಲ ಬಳಿಯೇ ಬೂಟು ಬಿಚ್ಚಲು ಕೂತವನು ಏಳಲಿಲ್ಲ. ಆಮೇಲೆ ಒಮ್ಮೆಲೇ ಎದ್ದು ಓಡಾಡತೊಡಗಿದ.

“ನಡುವಿನ ಊರಲ್ಲಿ ಫೋನ್ ಮಾಡಿದಾಗ ಯಾರೂ ಏನೂ ಹೇಳ್ಬೇಡಿ. ಅಲ್ಲಿ ಒಬ್ಳೇ ನಾಲ್ಕು ಗಂಟೆ ಕಾಯ್ಬೇಕು. ಕುಸಿದು ಬಿದ್ರೆ ಹಿಡ್ಕೊಳ್ಳೋರು ಯಾರು?”

“ಮತ್ತೆ ಯಾವಾಗ ಹೇಳ್ತೀಯ?” ಎಂದಳು ಲಾಯರ್.

“ಅಲ್ಲಿಗೆ ಹೋದ್ಮೇಲೆ ನರ್ಸ್ ಹೇಳ್ತಾಳೆ.”

“ಅಜ್ಜಿ ನರ್ಸ್ ಮುಖಾನೇ ನೋಡಿಲ್ಲ. ವಿಮಾನ ಇಳಿದು, ಅಕ್ಕ ಹೇಗಿದ್ದಾಳೆ ಅಂತ ನಗ್‌ನಗ್ತಾ ಕೇಳ್ತಾಳೆ, ಆಗ ಗುರುತಿಲ್ಲದವ್ರು ಹೇಳ್ಬೇಕಾ? ಅಪ್ಪಾ, ಅದು ಮೋಸ.”

“ಇಲ್ಲ ಅಂದ್ರೆ ಅಲ್ಲಿಂದಾನೇ ವಾಪಸ್ ಕರೆಸ್ಬಿಡೋಣ. ಇನ್ನು ಹೋಗಿ ಏನಿದೆ?”

“ಅದನ್ನ ನೀವು ತೀರ್ಮಾನ ಮಾಡ್ಬೇಡಿ,” ಎಂದಳು ಸೊಸೆ.

ಗಂಡ ನಿಂತ. “ನೀನು ತೀರ್ಮಾನ ಮಾಡ್ಬಹುದಾ? ಹತ್ತು ದಿನ ಅಂತ ಹಿಡಿದು ನಿಲ್ಸಿದ್ದು ಯಾರು?”

ಆ ಮಾತು ಬರುತ್ತದೆಂದು ಅವಳಿಗೆ ಬಸ್ಸಿನಲ್ಲೇ ಗೊತ್ತಿತ್ತು.

“ನಾನೇ. ಅದಕ್ಕೇ ಹೇಳೋದೂ ನಾನೇ.”

ಗುಬ್ಬಿ ಹಸಿವೆಂದು ರಾಗ ಎಳೆಯಿತು. ಸೊಸೆ ಒಲೆ ಹಚ್ಚಿ ಆಲೂಗಡ್ಡೆ ಬೇಯಲಿಟ್ಟಳು. ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಹುಡುಕಬೇಕಾಯಿತು. ಎಷ್ಟು ವರ್ಷವಾದರೂ ಅದು ಅತ್ತೆಯ ಅಡುಗೆಮನೆಯೇ ಆಗಿತ್ತು. ಗಂಡ ಹಿಂದಿನಿಂದ ಬಂದು ಚಾಕು ತೆಗೆದುಕೊಂಡು ಈರುಳ್ಳಿ ಹೆಚ್ಚತೊಡಗಿದ. ಕಣ್ಣಲ್ಲಿ ನೀರು ಬಂದರೆ ನೆಪಕ್ಕೆ ಅದು ಸಾಕಿತ್ತು.

ಹಳದಿ ಚುಕ್ಕೆ ನೆಲ ಮುಟ್ಟಿ ಸ್ವಲ್ಪ ಹೊತ್ತಿಗೆ ಫೋನ್ ಬಂತು.

“ಇಳಿದೆ ಕಣೇ. ಅಬ್ಬಾ, ಎಷ್ಟು ದೊಡ್ಡದು ಇದು. ಊರೇ ಒಂದು ಸೂರಿನ ಕೆಳಗಿದೆ. ಪಕ್ಕದಲ್ಲೊಬ್ಬ ಹುಡುಗ ಕೂತಿದ್ದ, ನಂಗೆ ಕಿವಿ ಕಟ್ಟಿದಾಗ ಮಿಠಾಯಿ ಕೊಟ್ಟ. ಗುಬ್ಬಿ ಊಟ ಮಾಡ್ತಾ?”

“ಅತ್ತೆ, ಕೂತಿದ್ದೀರಾ?”

“ಇಲ್ಲ, ನಡೀತಿದ್ದೀನಿ. ಇಲ್ಲಿ ನೆಲಾನೇ ನಡೆಯುತ್ತೆ, ನಾವು ನಿಂತ್ರೂ ಆಗುತ್ತೆ.”

“ಒಂದು ಕಡೆ ಕೂತ್ಕೊಳ್ಳಿ ಅತ್ತೆ.”

ಆ ಕಡೆಯಿಂದ ಚೀಲ ಕೆಳಗಿಟ್ಟ ಸದ್ದು ಕೇಳಿತು. ಯಾವುದೋ ಭಾಷೆಯಲ್ಲಿ ಯಾವುದೋ ಹೆಣ್ಣುದನಿ ಯಾವುದೋ ವಿಮಾನವನ್ನು ಕರೆಯುತ್ತಿತ್ತು. ಅತ್ತೆಗೆ ಅಷ್ಟರಲ್ಲೇ ತಿಳಿದಿತ್ತೋ ಏನೋ, “ಹೇಳು,” ಎಂದರು, ಬೇರೆಯೇ ದನಿಯಲ್ಲಿ.

ಸೊಸೆ ಸುತ್ತಿ ಬಳಸದೆ ಹೇಳಿದಳು.

ಆ ಹೆಣ್ಣುದನಿ ಇನ್ನೊಂದು ವಿಮಾನವನ್ನು ಕರೆಯಿತು.

“ಎಷ್ಟು ಹೊತ್ತಿಗೆ?”

“ನೀವು ಹೊರಟು ಎರಡು ಗಂಟೆ ಆದ್ಮೇಲೆ.”

“ಆಗ ನಾನು ಊಟ ಮಾಡ್ತಿದ್ದೆ,” ಎಂದರು ಅತ್ತೆ. “ಒಂದು ಸಣ್ಣ ತಟ್ಟೇಲಿ ಕೊಟ್ರು. ಅಕ್ಕನಿಗೆ ತೋರಿಸ್ಬೇಕು ಅಂತ ಚಮಚ ಎತ್ತಿಟ್ಕೊಂಡೆ. ತುಂಬ ಚೆನ್ನಾಗಿದೆ, ಪುಟಾಣಿ ಚಮಚ.”

ಗಂಡ ಫೋನಿಗೆ ಕೈ ಚಾಚಿದ. “ಅಮ್ಮಾ, ನೀನು ಅಲ್ಲೇ ಇರು. ನಿಂಗೆ ವಾಪಸ್ ಬರೋಕೆ ಟಿಕೆಟ್ ನೋಡ್ತೀನಿ. ಯಾರನ್ನಾದ್ರೂ ಕೇಳಿ...”

“ಯಾಕೆ ವಾಪಸ್ಸು?”

“ಇನ್ನು ಅಲ್ಲಿ ಯಾರಿದ್ದಾರಮ್ಮ?”

“ಅವಳೇ ಇದ್ದಾಳಲ್ಲೋ,” ಎಂದರು ಅತ್ತೆ. “ಅವಳನ್ನ ಮಣ್ಣಿಗೆ ಇಳಿಸೋಕೆ ನಮ್ಮೋರು ಅಂತ ಒಬ್ರಾದ್ರೂ ಬೇಡ್ವಾ? ಮೊಮ್ಮಗಳಿಗೆ ಕೊಡು ಫೋನು. ಮುಂದಿನ ವಿಮಾನ ಯಾವ ಬಾಗಿಲು ಅಂತ ಅವಳು ಹೇಳ್ತಾಳೆ.”

ಲಾಯರ್ ಅಳುತ್ತಲೇ ಪರದೆ ನೋಡಿ ಬಾಗಿಲ ಸಂಖ್ಯೆ ಹೇಳಿದಳು. ಎಡಕ್ಕೆ ತಿರುಗು, ಮೆಟ್ಟಿಲು ಬೇಡ, ಲಿಫ್ಟ್ ತಗೋ, ನೀರು ಕುಡಿ. ಅಜ್ಜಿ ಬಾಗಿಲು ಮುಟ್ಟುವವರೆಗೂ ಫೋನ್ ಇಡಲಿಲ್ಲ. ಅಲ್ಲಿ ಕೂತ ಮೇಲೂ ಇಡಲಿಲ್ಲ. ಇಬ್ಬರೂ ಸುಮ್ಮನೆ ಹಿಡಿದುಕೊಂಡಿದ್ದರು. ವಿಮಾನ ಹತ್ತಲು ಕರೆ ಬಂದಾಗ ಅತ್ತೆ “ಹೊರಟೆ” ಎಂದಷ್ಟೇ ಹೇಳಿದರು.

ಮೂರು ವಾರಕ್ಕೆಂದು ಹೋದವರು ಅತ್ತೆ. ಆ ಮೂರು ವಾರ ಮನೆ ಅಡಿಮೇಲಾಗಿತ್ತು. ಶಿಶುವಿಹಾರಕ್ಕೆ ಹೋದ ಗುಬ್ಬಿ ನೆಗಡಿ ತಂದು ಎಲ್ಲರಿಗೂ ಹಂಚಿತು. ಗಂಡ ಅಡುಗೆ ಕಲಿತ. ಮೊದಲು ತಳ ಹಿಡಿಸಿದ, ಆಮೇಲೆ ಉಪ್ಪು ಮರೆತ, ಆಮೇಲೆ ಒಂದೇ ಸಾರನ್ನು ವಾರವಿಡೀ ಬಡಿಸಿ “ಯಾರೂ ದೂರಬಾರದು” ಎಂದ. ಲಾಯರ್ ದೂರಿದಳು, ಪಾತ್ರೆ ತೊಳೆಯುವ ಪಾಳಿಯ ಬಗ್ಗೆ ತಂದೆಯ ಜೊತೆ ದಿನಾ ಜಗಳ ಕಾದಳು. ಸೊಸೆ ಹೊಸ ಶಾಖೆಯಿಂದ ಓಡೋಡಿ ಬಂದು, ಬಾಲ್ಕನಿಯಲ್ಲಿ ಮರೆತ ಬಟ್ಟೆ ಕಂಡು, ಅಳಬೇಕೋ ಒಗೆಯಬೇಕೋ ತಿಳಿಯದೆ ನಿಲ್ಲುತ್ತಿದ್ದಳು. ಅಂಗಡಿಯಲ್ಲಿ ಜನವೇನೋ ಬರುತ್ತಿದ್ದರು. ಆದರೆ ಪ್ರತಿಯೊಬ್ಬರ ಕಣ್ಣಿಗೂ ಗಾಜು ಹಿಡಿದು “ಈಗ ಕಾಣುತ್ತಾ?” ಎಂದು ಕೇಳುವಾಗ ಅವಳ ಮನಸ್ಸು ಬೇರೆಲ್ಲೋ ಇರುತ್ತಿತ್ತು.

ಅತ್ತೆ ಆಗಾಗ ಫೋನ್ ಮಾಡುತ್ತಿದ್ದರು. ಮಣ್ಣು ಮಾಡಿದ್ದಾಯಿತು. ಅಂಗಡಿ ತೆರೆದು ನೋಡಿದರೆ ಗೂಟದ ತುಂಬ ಜನರ ಬಟ್ಟೆ. ಅರ್ಧ ಬಿಚ್ಚಿದ ಕೋಟುಗಳು, ಅಂಚು ಮಡಚದ ಪ್ಯಾಂಟುಗಳು. ಕೇಳಿಕೊಂಡು ಜನ ಬಾಗಿಲಿಗೆ ಬರುತ್ತಿದ್ದರಂತೆ. ಅತ್ತೆಯೂ ಪ್ರಾಯದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿದವರೇ. ಒಂದೊಂದನ್ನೇ ಮುಗಿಸಿ ಕೊಡುತ್ತಿದ್ದರು.

“ಭಾಷೆ?” ಎಂದ ಗಂಡ.

“ಕೈ ಉದ್ದ ಆಯ್ತು, ಸೊಂಟ ಬಿಗಿ ಆಯ್ತು ಅನ್ನೋಕೆ ಭಾಷೆ ಯಾಕೆ? ಎಳೆದು ತೋರಿಸ್ತಾರೆ.”

ವಾಪಸಾಗುವ ವಾರ ಬಂತು. ಗಂಡ ವಿಮಾನ ನಿಲ್ದಾಣಕ್ಕೆ ಹೋಗಲು ಮತ್ತೆ ಪಾಳಿ ಬದಲಿಸಿಕೊಂಡಿದ್ದ. ಊಟಕ್ಕೆ ಕೂತಾಗ ಫೋನ್ ಬಂತು.

“ನಾನು ಈ ವಾರ ಬರ್ತಿಲ್ಲ. ಟಿಕೆಟ್ ಮುಂದಕ್ಕೆ ಹಾಕಿಸ್ದೆ.”

“ಯಾವತ್ತಿಗೆ?”

“ಇನ್ನೂ ಗೊತ್ತಿಲ್ಲ.”

“ಇದೇನಮ್ಮ ಹುಡುಗಾಟ? ಇಲ್ಲಿ ನಾವು ಸತ್ತು ಸುಣ್ಣ ಆಗ್ತಿದ್ದೀವಿ. ಯಾರದೋ ಪ್ಯಾಂಟು ಹೊಲಿಯೋಕೆ...”

“ದನಿ ಇಳ್ಸಿ,” ಎಂದು ಸೊಸೆ ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೋದಳು. ಬಾಗಿಲು ಎಳೆದುಕೊಂಡಳು. ಮೂರು ವಾರದಿಂದ ಹೇಳಬೇಕೆಂದುಕೊಂಡಿದ್ದುದು ಆಗ ಹೊರಬಂತು.

“ಅತ್ತೆ, ನಾನು ಆ ಹತ್ತು ದಿನ ಕೇಳ್ಬಾರ್ದಿತ್ತು.”

ಅತ್ತೆ ಅಲ್ಲ ಎನ್ನಲಿಲ್ಲ. ಅದರಲ್ಲೇನು ಬಿಡು ಎನ್ನಲೂ ಇಲ್ಲ.

“ಹೌದು. ಮುಂಚೆ ಬಂದಿದ್ರೆ ಆ ಹತ್ತು ದಿನ ಅವಳ ಪಕ್ಕದಲ್ಲಿ ಇರ್ತಿದ್ದೆ,” ಎಂದರು. “ಸಾಯೋದು ಸಾಯ್ತಿದ್ಲು. ಆದ್ರೆ ನಾನು ಇರ್ತಿದ್ದೆ. ಆಗ್ಲಿ ಬಿಡು ಅಂತ ಒಪ್ಪಿದ್ದು ನಾನೇ. ಆದ್ರೂ ನಿನ್ನ ಮೇಲೆ ಸಿಟ್ಟಿದೆ ಕಣೇ. ತುಂಬ ಇದೆ.”

“ಇರ್ಲಿ ಅತ್ತೆ.”

“ನಿನ್ನ ಮೇಲಷ್ಟೇ ಅಲ್ಲ. ಅವನ ಮೇಲೂ ಇದೆ. ನನ್ನ ಕಾಲು, ನನ್ನ ಬಿಪಿ ಅಂತ ಅಷ್ಟು ದಿನ ಎಳೆದ್ನಲ್ಲ. ಈ ಸಿಟ್ಟು ಇಟ್ಕೊಂಡು ಬಂದು ನಿಮಗೆಲ್ಲ ಅಡುಗೆ ಮಾಡಿ ಬಡಿಸೋಕೆ ನನ್ನ ಕೈಲಾಗಲ್ಲ. ಅದು ಇಳಿದ ಮೇಲೆ ಬರ್ತೀನಿ.”

ಕೆಳಗೆ ಬೀದಿಯಲ್ಲಿ ಬಸ್ಸೊಂದು ನಿಂತು ಜನರನ್ನು ಇಳಿಸಿ ಹೋಯಿತು.

“ನಿನ್ನ ಅಂಗಡಿ ಹೇಗಿದೆ?” ಎಂದರು ಅತ್ತೆ.

“ನಡೀತಿದೆ.”

“ಬಿಡ್ಬೇಡ. ಅಷ್ಟು ಮಾಡಿ ಹಿಡ್ಕೊಂಡಿದ್ದೀಯ. ಬಿಟ್ರೆ ನಂಗೆ ಇನ್ನೂ ಸಿಟ್ಟು ಬರುತ್ತೆ.”

ಆಮೇಲೆ ಎರಡು ತಿಂಗಳು ಅತ್ತೆ ಬರಲಿಲ್ಲ. ಗಂಡ ಮೊದಮೊದಲು ಮುನಿಸಿಕೊಂಡು ಫೋನಿಗೆ ಬರುತ್ತಿರಲಿಲ್ಲ. ನಂತರ ಈರುಳ್ಳಿ ಎಷ್ಟು ಹುರಿಯಬೇಕು, ಬೇಳೆ ಯಾಕೆ ಬೇಯುವುದಿಲ್ಲ ಎಂದು ಕೇಳಲು ತಾನೇ ಕರೆ ಮಾಡತೊಡಗಿದ. ಬೈಸಿಕೊಂಡು ನಗುತ್ತಿದ್ದ. ಗುಬ್ಬಿ ಶಿಶುವಿಹಾರದ ಬಾಗಿಲಲ್ಲಿ ಅಳುವುದನ್ನು ಬಿಟ್ಟಿತು. ಭಾನುವಾರದ ಫೋನು ಈಗ ಅತ್ತೆಯಿಂದ ಈ ಮನೆಗೆ ಬರುತ್ತಿತ್ತು.

ಒಂದು ಸಂಜೆ ಸೊಸೆ ಅಂಗಡಿ ಮುಚ್ಚಿ ಬಂದಾಗ ಬಾಗಿಲಲ್ಲಿ ಗುರುತಿಲ್ಲದ ಒಂದು ಜೊತೆ ಬೂಟು ಇತ್ತು. ಒಳಗೆ ಅತ್ತೆ ಮೇಜಿನ ಮುಂದೆ ಕೂತಿದ್ದರು. ಯಾರಿಗೂ ಹೇಳದೆ, ನಡುವಿನ ಊರಲ್ಲಿ ತಾವೇ ಇಳಿದು ಹತ್ತಿ, ಟ್ಯಾಕ್ಸಿ ಹಿಡಿದು ಬಂದಿದ್ದರು. ಸಣ್ಣಗಾಗಿದ್ದರು. ಕೂದಲು ಕತ್ತರಿಸಿಕೊಂಡಿದ್ದರು. ಗುಬ್ಬಿ ಅವರ ತೋಳಿಗೆ ಜೋತುಬಿದ್ದಿತ್ತು, ಗಂಡ ಬಡಿಸುತ್ತಿದ್ದ.

ಸೊಸೆ ಚೀಲವನ್ನು ಕೂಡ ಕೆಳಗಿಡದೆ ನಿಂತಳು. ಅತ್ತೆ ಏಳಲಿಲ್ಲ. ಅವಳಿಗೆ ನೀರು ತರಲು, ತಟ್ಟೆ ಹಾಕಲು ಎಂದಿನಂತೆ ಎದ್ದು ಓಡಲಿಲ್ಲ. ಕೂತಲ್ಲಿಂದಲೇ ನೋಡಿ, ಪಕ್ಕದ ಕುರ್ಚಿಯನ್ನು ಕಾಲಿನಿಂದ ಸರಿಸಿದರು.

“ಕೂತ್ಕೋ. ನಿನ್ನ ಗಂಡನ ಅಡುಗೆ ತಿನ್ನೋ ಹಾಗಿದೆ.”

ಅವಳು ಕೂತಳು. ಗಂಡ ಅವಳಿಗೂ ಬಡಿಸಿದ. ಲಾಯರ್ ಅಂದು ಮೊದಲ ಬಾರಿಗೆ ಹೇಳಿಸಿಕೊಳ್ಳದೆಯೇ ಪಾತ್ರೆ ತೊಳೆಯಲು ಎದ್ದಳು.

“ಅಕ್ಕನ ಅಂಗಡಿಗೆ ಬೀಗ ಹಾಕಿ ಬಂದಿದ್ದೀನಿ, ಮಾರಿಲ್ಲ,” ಎಂದರು ಅತ್ತೆ ತುತ್ತಿನ ನಡುವೆ. “ಚಳಿ ಕಳೆದ ಮೇಲೆ ಮತ್ತೆ ಹೋಗ್ತೀನಿ. ಕೋಟು ತಂದ್ಕೊಡ್ತೀವಿ ಅಂತ ಜನ ಹೇಳಿದ್ದಾರೆ.”

ಗಂಡನ ಸೌಟು ಗಾಳಿಯಲ್ಲಿ ನಿಂತಿತು. ಅವನು ಸೊಸೆಯನ್ನು ನೋಡಿದ. ಸೊಸೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು.

“ಯಾವತ್ತು ಅಂತ ನೀವು ಹೇಳಿ ಅತ್ತೆ.”

“ಹೇಳ್ತೀನಿ,” ಎಂದರು ಅತ್ತೆ. “ಈಗ ಉಣ್ಣು. ಆರಿ ಹೋಗ್ತಿದೆ.”